ಫ್ರೆಂಚ್ ಸಾಹಿತ್ಯದ ಓದನ್ನು ಎಲ್ಲಿಂದ ಆರಂಭಿಸಲಿ? ಸಹಾಯ ಬೇಕು

ಮಾನ್ಯರೇ, ಪಿ. ಲಂಕೇಶರು ಕನ್ನಡಕ್ಕೆ ತಂದ ಫ್ರೆಂಚ್ ಕವಿ ಬೋದಿಲೇರನ ‘ಪಾಪದ ಹೂಗಳು’ ಕವನ ಸಂಕಲನವನ್ನು ಓದಿದಂದಿನಿಂದ ಫ್ರೆಂಚ್ ಸಾಹಿತ್ಯವನ್ನು ಕ್ರಮವಾಗಿ ಓದಬೇಕೆಂಬ ಹಂಬಲ ನನ್ನಲ್ಲಿ ಬಲವಾಗಿದೆ. 1857ರ ಒಂದೇ ವರ್ಷದಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವು ‘ಮದಾಮ್ ಬೊವಾರಿ’ ಕಾದಂಬರಿಗಾಗಿ ವಿಚಾರಣೆ ಎದುರಿಸಿದ ಫ್ಲಾಬೇರನನ್ನು ಖುಲಾಸೆಗೊಳಿಸಿತು; ಬೋದಿಲೇರನಿಗೆ ಮಾತ್ರ ದಂಡ ವಿಧಿಸಿ, ಸಂಕಲನದಿಂದ ಆರು ಕವಿತೆಗಳನ್ನು ತೆಗೆಸಿತು. ಆ ತೀರ್ಪು ರದ್ದಾದದ್ದು 1949ರಲ್ಲಿ ಎಂಬುದು ನನ್ನನ್ನು ಇಂದಿಗೂ ಕಲಕುತ್ತದೆ. ಅಂಥ ಕಾಲವನ್ನು ಒಳಗಿನಿಂದ ಅರಿಯಲು ಬಾಲ್ಜಾಕ್, ಹ್ಯೂಗೋ, ಜೋಲಾ ಇವರಲ್ಲಿ ಯಾರನ್ನು ಮೊದಲು ಓದುವುದು ಸೂಕ್ತ? ಅದಕ್ಕೂ ಮುನ್ನ 16ನೆಯ ಶತಮಾನದ ಮಾಂಟೇನ್‌ನ ಪ್ರಬಂಧಗಳನ್ನು ಓದಿಕೊಳ್ಳಬೇಕೇ? ನನಗೆ ಫ್ರೆಂಚ್ ಬಾರದ ಕಾರಣ, ಇಂಗ್ಲಿಷಿನ ಮೂಲಕವಲ್ಲದೆ ನೇರವಾಗಿ ಕನ್ನಡಕ್ಕೆ ಬಂದ ಅನುವಾದಗಳಿದ್ದರೆ ಅನುವಾದಕರ ಹೆಸರಿನೊಂದಿಗೆ ದಯವಿಟ್ಟು ತಿಳಿಸಿ.