ಫ್ಯೂಟೆಕ್ಸ್‌ನಲ್ಲಿ ಹೋಗಿ ಮಲಗುತ್ತೆ, ಏಳೋದೇ ಇಲ್ಲ

ಸುಸ್ತಾದ_ಕೋಡರ್: ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಲಿನಕ್ಸ್, ಸಿ ಪ್ರೋಗ್ರಾಂ. ಒಂದು ಕಡೆಯಿಂದ ಕ್ಯೂಗೆ ಕೆಲಸ ಹಾಕುತ್ತೇನೆ, ಇನ್ನೊಂದು ಕಡೆ ತೆಗೆಯುತ್ತೇನೆ. ನಡುವೆ ಪಿಥ್ರೆಡ್ ಮ್ಯೂಟೆಕ್ಸ್, ಒಂದು ಸಲಕ್ಕೆ ಒಬ್ಬರೇ ಕ್ಯೂ ಮುಟ್ಟಲಿ ಅಂತ ಹಾಕುವ ಲಾಕ್. ಲೋಡ್ ಕಮ್ಮಿ ಇದ್ದರೆ ಗಂಟೆಗಟ್ಟಲೆ ಓಡುತ್ತದೆ. ಜಾಸ್ತಿ ಆದರೆ ಅಲ್ಲೇ ಠಿಕಾಣಿ. ಸಿಪಿಯು ಸೊನ್ನೆ. ಎಸ್‌ಟ್ರೇಸ್‌ನಲ್ಲಿ (ಪ್ರೋಗ್ರಾಂ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಟೂಲ್) ಫ್ಯೂಟೆಕ್ಸ್ ಅಂತ ಕಾಣುತ್ತದೆ, ಲಾಕ್‌ಗೆ ಕಾಯುವವರನ್ನು ಮಲಗಿಸುವ, ಎಬ್ಬಿಸುವ ಕರೆ ಅದು. ಕರ್ನಲ್ ಬಗ್ ಇರಬಹುದಾ?

ನೂಲುಗಾರ: ಫ್ಯೂಟೆಕ್ಸ್ 2003ರ 2.6 ಕರ್ನಲ್‌ನಿಂದ ಇದೆ. ಬಗ್ ನಿಮ್ಮದೇ. ಸಿಗ್ನಲ್ ಕಳೆದುಹೋಗಿದೆ. ಕಂಡೀಷನ್ ವೇರಿಯಬಲ್ (ಕೆಲಸ ಬಂತು ಅಂತ ಸಿಗ್ನಲ್ ಬರುವ ತನಕ ಕಾಯಿಸುವುದು) ಸುತ್ತ ಇಫ್ ಹಾಕಿದ್ದೀರಿ, ಎದ್ದ ಮೇಲೆ ಮತ್ತೆ ಪರೀಕ್ಷಿಸುವ ವೈಲ್ ಹಾಕಿಲ್ಲ ಅಲ್ವಾ?

ಸುಸ್ತಾದ_ಕೋಡರ್: ವೈಲ್ ಇದೆ. ತೆಗೆಯುವವನು ನಿಲ್ಲೋದು ಮ್ಯೂಟೆಕ್ಸ್ ಲಾಕ್‌ನಲ್ಲಿ.

ನೂಲುಗಾರ: ಹಾಗಾದರೆ ಲಾಕ್ ಹಿಡಿಯದೆ ಫ್ಲ್ಯಾಗ್ ಬದಲಿಸುತ್ತಿದ್ದೀರಿ. ನೂರಕ್ಕೆ ನೂರು ಅದೇ.

ಸುಸ್ತಾದ_ಕೋಡರ್: ಹಿಡಿದೇ ಬದಲಿಸುತ್ತೇನೆ ಸಾರ್.

ಗಿರಗಿರ_64: ಮ್ಯೂಟೆಕ್ಸ್ ಬಿಸಾಕಿ ಸ್ಪಿನ್‌ಲಾಕ್ ಹಾಕಿ, ಮಲಗದೆ ಸುತ್ತುತ್ತಲೇ ಕಾಯುತ್ತದೆ. ನನ್ನ 64 ಕೋರ್ ಮಷೀನ್‌ನಲ್ಲಿ ಹಾರುತ್ತದೆ.

ಕರ್ನಲ್‌ಕೀಟ: ಲಾಕ್ ಹಿಡಿದಿರುವ ಥ್ರೆಡ್ಡನ್ನೇ ಶೆಡ್ಯೂಲರ್ ಸಿಪಿಯುನಿಂದ ಇಳಿಸಿದರೆ? ಮಿಕ್ಕವೆಲ್ಲ ಸುಮ್ನೆ ಗಿರಗಿರ ಸುತ್ತುತ್ತಾ ಕೂರಬೇಕು.

ಗಿರಗಿರ_64: 64 ಕೋರ್ ಇರುವಾಗ ಯಾರು ಇಳಿಸುತ್ತಾರೆ ಸ್ವಾಮಿ? ವಾಟರ್ ಕೂಲಿಂಗೂ ಇದೆ.

ಕರ್ನಲ್‌ಕೀಟ: ಅದಕ್ಕೂ ಇದಕ್ಕೂ ಏನು ಸಂಬಂಧ? ಕೋಡರ್, ಎಸ್‌ಟ್ರೇಸ್ ಸಾಲು ಇದ್ದ ಹಾಗೇ ಹಾಕಿ.

ಸುಸ್ತಾದ_ಕೋಡರ್: ನಿಂತಿರುವುದು: ಫ್ಯೂಟೆಕ್ಸ್_ವೇಟ್_ಪ್ರೈವೇಟ್, 2. ಅದು ಮಲಗಿದ ಮೇಲೆ ಇನ್ನೊಂದು ಪ್ರೋಸೆಸ್‌ನಲ್ಲಿ: ಫ್ಯೂಟೆಕ್ಸ್_ವೇಕ್_ಪ್ರೈವೇಟ್, 1, ಅಂದರೆ ಒಬ್ಬನನ್ನು ಎಬ್ಬಿಸು. ಅದು ವಾಪಸ್ ಕೊಟ್ಟಿದ್ದು 0.

ಕರ್ನಲ್‌ಕೀಟ: ಇನ್ನೊಂದು *ಪ್ರೋಸೆಸ್*? ಒಂದೇ ಪ್ರೋಸೆಸ್‌ನ ಎರಡು ಥ್ರೆಡ್ ಅಲ್ವಾ?

ಸುಸ್ತಾದ_ಕೋಡರ್: ಅಲ್ಲ, ಎರಡು ಪ್ರೋಸೆಸ್. ಎಮ್‌ಮ್ಯಾಪ್ ಶೇರ್ಡ್‌ನಿಂದ ಹಂಚಿಕೊಳ್ಳುವ ಮೆಮೊರಿ, ಆಮೇಲೆ ಫೋರ್ಕ್ ಮಾಡಿ ಎರಡನೇ ಪ್ರೋಸೆಸ್. ಹೇಳಿರಲಿಲ್ವಾ?

ಕರ್ನಲ್‌ಕೀಟ: ಇಲ್ಲ! ಮ್ಯೂಟೆಕ್ಸ್ ಇನಿಟ್‌ಗೆ ಆಟ್ರಿಬ್ಯೂಟ್ ಜಾಗದಲ್ಲಿ ನಲ್ (ಏನೂ ಇಲ್ಲ) ಕೊಟ್ಟಿರುತ್ತೀರಿ, ಆಗ ಅದು ಒಂದೇ ಪ್ರೋಸೆಸ್‌ಗೆ ಪ್ರೈವೇಟ್ ಆಗುತ್ತದೆ. ಆ 0 ನೋಡಿ, ಯಾರನ್ನೂ ಎಬ್ಬಿಸಿಲ್ಲ ಅಂತ ಅರ್ಥ.

ಮ್ಯೂಟೆಕ್ಸ್‌ನ ತಿರುಳು ಅಂದರೆ ಮೆಮೊರಿಯಲ್ಲಿ ಒಂದು 32 ಬಿಟ್ ಸಂಖ್ಯೆ. 0 ಖಾಲಿ, 1 ಯಾರೋ ಹಿಡಿದಿದ್ದಾರೆ, 2 ಹಿಡಿದಿದ್ದಾರೆ ಮತ್ತು ಹಿಂದೆ ಯಾರೋ ಕಾಯುತ್ತಿರಬಹುದು. ಪೈಪೋಟಿ ಇಲ್ಲದಿದ್ದರೆ 0ಯಿಂದ 1 ಮಾಡುವ ಕೆಲಸ ಪ್ರೋಗ್ರಾಂ ಒಳಗೇ, ನಡುವೆ ಯಾರೂ ನುಸುಳಲಾಗದ ಅಟಾಮಿಕ್ ಇನ್‌ಸ್ಟ್ರಕ್ಷನ್‌ನಲ್ಲಿ ಮುಗಿಯುತ್ತದೆ. ಕರ್ನಲ್‌ಗೆ ಸುದ್ದಿಯೇ ಹೋಗುವುದಿಲ್ಲ. ಆ ಸಂಖ್ಯೆ ನಿಮ್ಮ ಶೇರ್ಡ್ ಮೆಮೊರಿಯಲ್ಲೇ ಇದೆ, ಹಾಗಾಗಿ ಲೋಡ್ ಕಮ್ಮಿ ಇದ್ದಾಗ ಎಲ್ಲ ಸರಿ ಅನ್ನಿಸುತ್ತದೆ.

ಪೈಪೋಟಿ ಬಂದಾಗ ಮಾತ್ರ ಕರ್ನಲ್. ಸಂಖ್ಯೆ ಇನ್ನೂ 2 ಇದೆಯಾ ಅಂತ ನೋಡಿ ಮಲಗಿಸುತ್ತದೆ, ಬದಲಾಗಿದ್ದರೆ ವಾಪಸ್ ಕಳಿಸುತ್ತದೆ. ಆದರೆ ಪ್ರೈವೇಟ್ ಅಂದರೆ ಮಲಗಿದವರನ್ನು ಹುಡುಕುವ ಕೀಯಲ್ಲಿ ಆ ಪ್ರೋಸೆಸ್‌ನ ಅಡ್ರೆಸ್ ಸ್ಪೇಸೂ (ಅದರದೇ ಮೆಮೊರಿ ನಕ್ಷೆ) ಸೇರಿರುತ್ತದೆ. ಮಗು ಮಲಗಿದೆ ಒಂದು ಕೋಣೆಯಲ್ಲಿ, ನೀವು ಕೂಗುತ್ತಿರುವುದು ಪಕ್ಕದ ಕೋಣೆಯಲ್ಲಿ. ಹಾಕುವವನು ಕ್ಯೂ ತುಂಬುವ ತನಕ ಓಡಿ, ಆಮೇಲೆ ಅವನೂ ಮಲಗುತ್ತಾನೆ.

ಪಿಥ್ರೆಡ್_ಪ್ರೋಸೆಸ್_ಶೇರ್ಡ್ ಆಟ್ರಿಬ್ಯೂಟ್ ಹಾಕಿ.

ನೂಲುಗಾರ: ನಾನೂ ಅದೇ ಹೇಳಿದ್ದು, ವೇಕಪ್ ಕಳೆದುಹೋಗಿದೆ ಅಂತ.

ಕರ್ನಲ್‌ಕೀಟ: ನೀವು ಹೇಳಿದ್ದು ಇಫ್, ವೈಲ್.

ಗಿರಗಿರ_64: ಸ್ಪಿನ್‌ಲಾಕ್ ಆಗಿದ್ದರೆ ಎಬ್ಬಿಸುವ ತಂಟೆಯೇ ಇರಲಿಲ್ಲ.

ಸುಸ್ತಾದ_ಕೋಡರ್: ಹಾಕಿದೆ. ಲಾಕ್ ದಾಟಿತು! ಈಗ ಕಂಡೀಷನ್ ವೇಟ್‌ನಲ್ಲಿ ಹೋಗಿ ನಿಂತಿದೆ. ಅಯ್ಯೋ.

ಕರ್ನಲ್‌ಕೀಟ: ಕಂಡೀಷನ್ ವೇರಿಯಬಲ್‌ಗೆ ಬೇರೆಯೇ ಆಟ್ರಿಬ್ಯೂಟ್ ಇದೆ. ಅಲ್ಲೂ ನಲ್ ಕೊಟ್ಟಿದ್ದೀರಾ?

ಸುಸ್ತಾದ_ಕೋಡರ್: ...ಹೌದು.