ಮಗನ ಕ್ಲಬ್ ಯೂತ್ ಅಕಾಡೆಮಿ ಮುಚ್ಚುತ್ತಿದೆ, ಈಗ ಏನು ಮಾಡೋದು?

ಹಾಸನದ ಅಪ್ಪ:

ಇಂಗ್ಲೆಂಡಿನಲ್ಲಿ ಮಕ್ಕಳನ್ನು ಫುಟ್‌ಬಾಲಿಗೆ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಮಗನಿಗೆ ಹನ್ನೆರಡು ವರ್ಷ. ಒಂಬತ್ತನೇ ವಯಸ್ಸಿನಿಂದ ನಮ್ಮೂರಿನ ಲೀಗ್ ಟೂ (ಇಲ್ಲಿನ ನಾಲ್ಕನೇ ಹಂತದ ಲೀಗ್) ಕ್ಲಬ್‌ನ ಅಕಾಡೆಮಿಯಲ್ಲಿ ಆಡುತ್ತಿದ್ದಾನೆ. ಲೆಫ್ಟ್ ಬ್ಯಾಕ್. ಕ್ಲಬ್ ಹೆಸರು ಬೇಡ. ಹೋದ ವಾರ ಇಮೇಲ್ ಬಂತು. ಈ ಸೀಸನ್ ಮುಗಿದ ಮೇಲೆ ಅಕಾಡೆಮಿ ಇರುವುದಿಲ್ಲವಂತೆ. ಎರಡು ಪ್ಯಾರಾ ಬರೆದಿದ್ದಾರೆ. ಅದರಲ್ಲಿ ನನಗೆ ಅರ್ಥವಾದದ್ದು ದುಡ್ಡಿಲ್ಲ ಅನ್ನೋದು ಮಾತ್ರ. ಜನವರಿಯಲ್ಲಿ ಹೊಸ ಸ್ಟ್ರೈಕರ್ ತರೋಕೆ ದುಡ್ಡಿತ್ತು ಅನ್ನೋದು ಬೇರೆ ಮಾತು.

ಕಾರ್ ಪಾರ್ಕಿನಲ್ಲಿ ಅಪ್ಪ ಅಮ್ಮಂದಿರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಉಳಿದವರು ಮುಗಿಬೀಳುವ ಮೊದಲೇ ದೊಡ್ಡ ಕ್ಲಬ್‌ಗೆ ಟ್ರಯಲ್‌ಗೆ ಕರೆದುಕೊಂಡು ಹೋಗು ಅಂತ ಒಬ್ಬರು. ಹೊಸ ಕ್ಲಬ್ ಹಳೇ ಕ್ಲಬ್‌ಗೆ ಪರಿಹಾರ ಕೊಡಬೇಕಾಗುತ್ತದೆ, ಅದಕ್ಕೇ ಯಾರೂ ತಗೊಳ್ಳಲ್ಲ ಅಂತ ಇನ್ನೊಬ್ಬರು. ನನ್ನ ಹೆಂಡತಿ, ಸಾಕು, ಓದಿನ ಕಡೆ ಗಮನ ಕೊಡಲಿ ಅನ್ನುತ್ತಾಳೆ. ಮಗ ಏನೂ ಮಾತಾಡಲ್ಲ. ಹೆಸರಿನ ಅಕ್ಷರ ಹಾಕಿರುವ ಟ್ರ್ಯಾಕ್‌ಸೂಟ್ ವಾಪಸ್ ಕೊಡಬೇಕಾ ಅಂತ ಮಾತ್ರ ಕೇಳಿದ.

ಇದು ಎಲ್ಲ ಕಡೆ ಆಗುತ್ತದಾ? ಪರಿಹಾರದ ಕಥೆ ನಿಜವಾ?

ಭಾನುವಾರದ ಕೋಚ್:

ಊರು ದಾವಣಗೆರೆ, ಈಗ ಇರೋದು ಸ್ಲೌ ಹತ್ತಿರ. ಇಲ್ಲಿ ಹುಡುಗರ ಒಂದು ಭಾನುವಾರದ ತಂಡಕ್ಕೆ ಕೋಚ್. ಸಂಬಳವಿಲ್ಲ, ಬೈಗುಳ ಉಂಟು. ಅಕಾಡೆಮಿಗಳಿಂದ ಹೊರಬಿದ್ದ ಮಕ್ಕಳು ಕೊನೆಗೆ ನಮ್ಮಂಥವರ ಹತ್ತಿರವೇ ಬರುತ್ತಾರೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಟ್ರ್ಯಾಕ್‌ಸೂಟ್ ಇಟ್ಟುಕೊಳ್ಳಲಿ. ಅಕ್ಷರ ಹಾಕಿದ್ದನ್ನು ಯಾರು ವಾಪಸ್ ಕೇಳುತ್ತಾರೆ?

ಎಲ್ಲ ಕಡೆ ಆಗುವುದಿಲ್ಲ, ಆದರೆ ಹೊಸದಂತೂ ಅಲ್ಲ. ನಮ್ಮ ಪಕ್ಕದ ಹೈ ವಿಕಮ್ ನೋಡಿ. 2011ರಲ್ಲಿ ಜಾರ್ಡನ್ ಐಬ್ ಅನ್ನೋ ಹುಡುಗ 15ನೇ ವಯಸ್ಸಿಗೇ ವಿಕಮ್ ವಾಂಡರರ್ಸ್ ಮೊದಲ ತಂಡಕ್ಕೆ ಆಡಿ ಗೋಲ್ ಕೂಡ ಹೊಡೆದ. ಆ ಚಳಿಗಾಲದಲ್ಲೇ ಲಿವರ್‌ಪೂಲ್ ಅವನನ್ನು ಕರೆದುಕೊಂಡು ಹೋಯಿತು. 2012ರಲ್ಲಿ ಕ್ಲಬ್ ಲೀಗ್ ಟೂಗೆ ಬಿತ್ತು, ಕೈಯಲ್ಲಿ ಕಾಸಿರಲಿಲ್ಲ, ಅಭಿಮಾನಿಗಳ ಟ್ರಸ್ಟ್ ಮಾಲೀಕತ್ವ ತಗೊಂಡಿತು. ಆ ವರ್ಷವೇ ಯೂತ್ ವಿಭಾಗಕ್ಕೆ ಬಾಗಿಲು ಹಾಕಿದರು. ಅಭಿಮಾನಿಗಳೇ ನಡೆಸುವ ಕ್ಲಬ್ ಕೂಡ ಮಕ್ಕಳ ತಂಡ ಉಳಿಸಿಕೊಳ್ಳೋಕೆ ಆಗಲಿಲ್ಲ ಅಂದರೆ ಲೆಕ್ಕ ಎಷ್ಟು ಬಿಗಿ ಅಂತ ಯೋಚಿಸಿ.

ಆ ಲೆಕ್ಕ ಬಿಗಿಯಾದದ್ದು ಹೇಗೆ ಅಂತ ಹೇಳಬೇಕು. ಇದನ್ನು ಅಪ್ಪ ಅಮ್ಮಂದಿರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. 2011ರ ಅಕ್ಟೋಬರ್‌ನಲ್ಲಿ ಫುಟ್‌ಬಾಲ್ ಲೀಗ್‌ನ, ಅಂದರೆ ಪ್ರೀಮಿಯರ್ ಲೀಗ್ ಕೆಳಗಿನ ಮೂರು ಡಿವಿಷನ್‌ಗಳ, 72 ಕ್ಲಬ್‌ಗಳು ಎಲೀಟ್ ಪ್ಲೇಯರ್ ಪರ್ಫಾರ್ಮೆನ್ಸ್ ಪ್ಲಾನ್ ಅನ್ನೋದಕ್ಕೆ ಮತ ಹಾಕಿದವು. ಇಲ್ಲಿನವರು ಇಪಿಪಿಪಿ ಅನ್ನುತ್ತಾರೆ. 46 ಕ್ಲಬ್ ಹೂಂ ಅಂದವು, 22 ಉಹೂಂ ಅಂದವು. ಒಪ್ಪದಿದ್ದರೆ ಪ್ರೀಮಿಯರ್ ಲೀಗ್‌ನಿಂದ ಬರುವ ಯೂತ್ ದುಡ್ಡು ನಿಲ್ಲುತ್ತದೆ ಅನ್ನೋ ಭಯ ಇತ್ತು. 2012ರಿಂದ ಅಕಾಡೆಮಿಗಳಿಗೆ ನಾಲ್ಕು ದರ್ಜೆ ಬಂತು. ಯಾವ ದರ್ಜೆಗೆ ಎಷ್ಟು ಪೂರ್ತಿ ಸಮಯದ ಕೋಚ್, ಎಷ್ಟು ಫಿಸಿಯೋ, ಎಂಥ ಮೈದಾನ, ಎಲ್ಲದಕ್ಕೂ ನಿಯಮ. ಅದು ಒಳ್ಳೆಯದೇ, ಮಕ್ಕಳಿಗೆ ಒಳ್ಳೆ ಕೋಚಿಂಗ್ ಸಿಕ್ಕಿತು. ಆದರೆ ಖರ್ಚು ಏರಿತು.

ಇನ್ನೊಂದು ಕಡೆ ವರಮಾನ ಇಳಿಯಿತು. ಮೊದಲು ದೊಡ್ಡ ಕ್ಲಬ್ ಹುಡುಗನನ್ನು ಕರೆದುಕೊಂಡು ಹೋದರೆ ಎರಡೂ ಕಡೆಯವರು ಕೂತು ಬೆಲೆ ಮಾತಾಡುತ್ತಿದ್ದರು. ಒಪ್ಪಂದ ಆಗದಿದ್ದರೆ ಟ್ರಿಬ್ಯೂನಲ್. 2008ರಲ್ಲಿ ಜಾನ್ ಬೋಸ್ಟಾಕ್ ಅನ್ನೋ 16 ವರ್ಷದ ಹುಡುಗ ಕ್ರಿಸ್ಟಲ್ ಪ್ಯಾಲೇಸ್‌ನಿಂದ ಸ್ಪರ್ಸ್‌ಗೆ (ಟಾಟನ್‌ಹ್ಯಾಮ್) ಹೋದಾಗ ಟ್ರಿಬ್ಯೂನಲ್ ಮುಂಗಡವಾಗಿ 7 ಲಕ್ಷ ಪೌಂಡ್ ಕಟ್ಟಿಸಿತು. ಅಷ್ಟಕ್ಕೂ ಪ್ಯಾಲೇಸ್‌ನವರು ಇದು ಏನೇನೂ ಸಾಲದು ಅಂತ ಕೂಗಾಡಿದರು. ಹೊಸ ಪ್ಲಾನ್ ಬಂದ ಮೇಲೆ ಬೆಲೆಪಟ್ಟಿ ಬಂತು. ಆಗ ಹಾಕಿದ ದರ ಹೇಳುತ್ತೇನೆ: 9ರಿಂದ 11 ವರ್ಷದ ಮಕ್ಕಳಿಗೆ ವರ್ಷಕ್ಕೆ 3,000 ಪೌಂಡ್. 12ರಿಂದ 16ಕ್ಕೆ ದರ್ಜೆ ನೋಡಿಕೊಂಡು ವರ್ಷಕ್ಕೆ 12,500ರಿಂದ 40,000. ಅಂದರೆ ಮೂರು ವರ್ಷ ಬೆಳೆಸಿದ ಹನ್ನೊಂದರ ಹುಡುಗನಿಗೆ 9,000. ಮುಂದೆ ಅವನು ದೊಡ್ಡ ತಂಡಕ್ಕೆ ಆಡಿದರೆ ಇನ್ನಷ್ಟು ಬರುತ್ತದೆ, ಆದರೆ ಆಡಿದರೆ ತಾನೇ. ಜೊತೆಗೆ, ಒಂದೂವರೆ ಗಂಟೆ ದಾರಿಯೊಳಗಿನ ಮಕ್ಕಳನ್ನು ಮಾತ್ರ ತಗೊಳ್ಳಬೇಕು ಅನ್ನೋ ಹಳೇ ನಿಯಮವನ್ನು ಮೊದಲ ದರ್ಜೆಯವರಿಗೆ ಸಡಿಲ ಮಾಡಿದರು. ಹೀಚು ಇರುವಾಗಲೇ ಯಾರೋ ಕಿತ್ತುಕೊಂಡು ಹೋಗುತ್ತಾರೆ ಅಂದರೆ ತೋಟ ಯಾರು ಮಾಡುತ್ತಾರೆ?

ಆದ್ದರಿಂದ ಆ ಇಮೇಲ್ ನಿಮ್ಮ ಮಗನ ಆಟದ ಬಗ್ಗೆ ಬರೆದದ್ದಲ್ಲ. ಇದನ್ನು ಅವನಿಗೆ ಬಿಡಿಸಿ ಹೇಳಿ. ಹನ್ನೆರಡರ ಮಕ್ಕಳು ಬಾಯಿ ಬಿಡುವುದಿಲ್ಲ, ತಾನು ಚೆನ್ನಾಗಿ ಆಡದಿದ್ದಕ್ಕೇ ಮುಚ್ಚಿದರು ಅಂದುಕೊಂಡಿರುತ್ತಾರೆ.

ಈಗ ಕೆಲಸದ ಮಾತು. ಪರಿಹಾರದ ಕಥೆ ಅರ್ಧ ನಿಜ. ಕ್ಲಬ್ಬೇ ಹುಡುಗನನ್ನು ಬಿಟ್ಟರೆ ಒಂದು ಲೆಕ್ಕ. ಕ್ಲಬ್ ಇಟ್ಟುಕೊಳ್ಳುತ್ತೇನೆ ಅಂದಾಗ ನೀವೇ ಹೊರಗೆ ಬಂದರೆ ಇನ್ನೊಂದು ಲೆಕ್ಕ. ಎರಡನೆಯದರಲ್ಲಿ ಹಳೇ ಕ್ಲಬ್ ದುಡ್ಡು ಕೇಳಬಹುದು. ಅದಕ್ಕೇ ಅವಸರದಲ್ಲಿ ಸೀಸನ್ ನಡುವೆ ನೀವಾಗಿ ಬಿಡಬೇಡಿ. ಹುಡುಗನನ್ನು ಬಿಡುಗಡೆ ಮಾಡಿದ್ದೇವೆ, ಪರಿಹಾರ ಕೇಳುವುದಿಲ್ಲ ಅಂತ ಲಿಖಿತವಾಗಿ ತಗೊಳ್ಳಿ. ಬಾಯಿಮಾತು ಬೇಡ. ಅಕಾಡೆಮಿ ಮ್ಯಾನೇಜರ್‌ಗೂ ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ, ಆಮೇಲೆ ಯಾರ ಹತ್ತಿರ ಕೇಳುತ್ತೀರಿ?

ಹಾಗೇ ಪರ್ಫಾರ್ಮೆನ್ಸ್ ಕ್ಲಾಕ್ ಪ್ರತಿಯನ್ನೂ ಕೇಳಿ. ಪ್ರತಿ ಹುಡುಗ ಎಷ್ಟು ತರಬೇತಿ ಪಡೆದ, ಎಷ್ಟು ಮ್ಯಾಚ್ ಆಡಿದ, ಏನು ಗಾಯ ಆಯಿತು ಅಂತ ಅಕಾಡೆಮಿ ದಾಖಲೆ ಇಟ್ಟಿರುತ್ತದೆ. ಅದನ್ನು ಕೇಳೋ ಹಕ್ಕು ನಿಮಗಿದೆ. ಹೊಸ ಕ್ಲಬ್‌ಗೆ ಅಪ್ಪನ ಹೊಗಳಿಕೆಗಿಂತ ಅದು ಉಪಯೋಗ.

ಕೊನೆಗೆ ಮಗನ ವಿಷಯ. ಅಕಾಡೆಮಿಯಲ್ಲಿ ಇರೋ ತನಕ ಗೆಳೆಯರ ಭಾನುವಾರದ ತಂಡಕ್ಕೆ ಆಡೋ ಹಾಗಿರಲಿಲ್ಲ, ಅಲ್ವಾ? ಈಗ ಆಡಬಹುದು. ನಮ್ಮಲ್ಲಿ ಬೆಳಿಗ್ಗೆ ಬಂದು ಅಪ್ಪಂದಿರೇ ನೆಟ್ ಕಟ್ಟಬೇಕು. ನಾಯಿ ಗಲೀಜು ಇದೆಯಾ ಅಂತ ಮೈದಾನ ಪೂರ್ತಿ ನಡೆದು ನೋಡಬೇಕು. ಲೈನ್ಸ್‌ಮನ್ ಬಾವುಟ ಯಾರೋ ಒಬ್ಬ ಅಮ್ಮನ ಕೈಯಲ್ಲಿ, ಆಫ್‌ಸೈಡ್ ಕೊಟ್ಟರೆ ಅವರ ಮಗನೇ ಅವರಿಗೆ ಬೈಯುತ್ತಾನೆ. ಅಕಾಡೆಮಿಯಿಂದ ಬಂದ ಹುಡುಗ ಮೊದಲ ವಾರ ಒಂದೇ ಟಚ್‌ನಲ್ಲಿ ಒಳಗಡೆ ಚೆಂದದ ಪಾಸ್ ಕೊಡುತ್ತಾನೆ. ಅಲ್ಲಿ ಯಾರೂ ಇರುವುದಿಲ್ಲ. ಸ್ವಲ್ಪ ದಿನದಲ್ಲಿ ಉಳಿದವರು ಅಲ್ಲಿಗೆ ಓಡೋದು ಕಲಿಯುತ್ತಾರೆ, ಇಲ್ಲಾ ಇವನು ಕೂಗಿ ಕರೆಯೋದು ಕಲಿಯುತ್ತಾನೆ. ಎರಡೂ ಲಾಭವೇ.

ಜ್ಯಾರೆಡ್ ಬೋವೆನ್ ಹೆಸರು ಕೇಳಿರುತ್ತೀರಿ. ಅವನು ಹೆರೆಫರ್ಡ್ ಯುನೈಟೆಡ್ ಹುಡುಗ. ಅವನ ವಿಷಯದಲ್ಲಿ ಅಕಾಡೆಮಿ ಅಷ್ಟೇ ಅಲ್ಲ, 2014ರಲ್ಲಿ ಕ್ಲಬ್ಬೇ ಮುಳುಗಿತು. ಅವನು ಹಲ್ ಸಿಟಿಗೆ ಹೋದ. 2023ರಲ್ಲಿ ಪ್ರಾಗ್‌ನಲ್ಲಿ ವೆಸ್ಟ್ ಹ್ಯಾಮ್‌ಗೆ ಯುರೋಪಿನ ಕಾನ್ಫರೆನ್ಸ್ ಲೀಗ್ ಕಪ್ ಗೆದ್ದುಕೊಟ್ಟ ಗೋಲ್ ಅವನದೇ. ನಿಮ್ಮ ಮಗ ಹಾಗೇ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರಿಂದ ದೂರ ಇರಿ.

ಜೇನುನೊಣ ಬೇಲೂರು:

ಕೋಚ್ ಹೇಳಿದ್ದೆಲ್ಲ ಸರಿ. ಆದರೆ ಅಕಾಡೆಮಿ ಮುಚ್ಚಿದ್ದು ತಪ್ಪು ಅನ್ನೋ ಧಾಟಿ ಒಪ್ಪಲ್ಲ. ನಾನು ಲಂಡನ್‌ನ ಬ್ರೆಂಟ್‌ಫರ್ಡ್ ಕ್ಲಬ್ ಅಭಿಮಾನಿ. 2016ರಲ್ಲಿ ಎರಡನೇ ಡಿವಿಷನ್‌ನಲ್ಲಿ ಇದ್ದಾಗ ನಮ್ಮ ಮಾಲೀಕ ಮ್ಯಾಥ್ಯೂ ಬೆನ್‌ಹ್ಯಾಮ್ ಅಕಾಡೆಮಿ ಮುಚ್ಚಿದರು. ಆ ವರ್ಷವೇ ಇಯಾನ್ ಪೊವೇಡಾನನ್ನು ಮ್ಯಾಂಚೆಸ್ಟರ್ ಸಿಟಿ, ಜೋಶುವಾ ಬೋಹುಯಿಯನ್ನು ಮ್ಯಾಂಚೆಸ್ಟರ್ ಯುನೈಟೆಡ್ ಹೊಡೆದುಕೊಂಡು ಹೋಗಿದ್ದವು. ಕೈಗೆ ಸಿಕ್ಕಿದ್ದು ಚಿಲ್ಲರೆ ಕಾಸು. ಲಂಡನ್‌ನಲ್ಲಿ ಅಷ್ಟೊಂದು ದೊಡ್ಡ ಕ್ಲಬ್ ನಡುವೆ ಒಂಬತ್ತು ವರ್ಷದ ಮಕ್ಕಳನ್ನು ಹಿಡಿದಿಟ್ಟುಕೊಳ್ಳೋದು ಆಗದ ಮಾತು.

ಅದರ ಬದಲು ಬಿ ಟೀಮ್ ಮಾಡಿದರು. ದೊಡ್ಡ ಕ್ಲಬ್‌ಗಳು ಬೇಡ ಅಂತ ಬಿಟ್ಟ ಹದಿನೇಳು ಹದಿನೆಂಟರ ಹುಡುಗರನ್ನು ತಂದರು, ಡೆನ್ಮಾರ್ಕ್‌ನಿಂದಲೂ ತಂದರು. 2021ರಲ್ಲಿ ಪ್ರೀಮಿಯರ್ ಲೀಗ್‌ಗೆ ಬಂದೆವು. ಇನ್ನೇನು ಬೇಕು?

ಭಾನುವಾರದ ಕೋಚ್:

ಬೇಲೂರಿನವರೇ, ಬ್ರೆಂಟ್‌ಫರ್ಡ್ ಕಥೆ ಬಂದೇ ಬರುತ್ತದೆ ಅಂತ ಗೊತ್ತಿತ್ತು. ಅಕಾಡೆಮಿ ಮುಚ್ಚುವ ಪ್ರತಿ ಕ್ಲಬ್ ಮಾಲೀಕನೂ ಅದನ್ನೇ ಹೇಳುತ್ತಾನೆ.

ಆ ಬಿ ಟೀಮ್‌ನ ಮೊದಲ ದೊಡ್ಡ ಲಾಭ ಯಾರು ಹೇಳಿ? ಕ್ರಿಸ್ ಮೆಫಮ್. 2019ರ ಜನವರಿಯಲ್ಲಿ ಬೋರ್ನ್‌ಮತ್‌ಗೆ ಹೋದ. ಬೆಲೆ 1.2 ಕೋಟಿ ಪೌಂಡ್ ಅಂತ ಪತ್ರಿಕೆಗಳು ಬರೆದವು. ಆಮೇಲೆ ವೇಲ್ಸ್‌ಗೆ ವಿಶ್ವಕಪ್ ಆಡಿದ. ಅವನು ಬಂದದ್ದು ಎಲ್ಲಿಂದ? ನೀವು ಮುಚ್ಚಿದ ಅದೇ ಅಕಾಡೆಮಿಯಿಂದ. ಗ್ರೀನ್‌ಫರ್ಡ್‌ನ ಸಣ್ಣ ತಂಡದಲ್ಲಿ ಆಡುತ್ತಿದ್ದವನನ್ನು 2012ರಲ್ಲಿ ಹುಡುಕಿ ತಂದದ್ದು ಅಕಾಡೆಮಿ ಜನ. ಅವರಿಗೆ ಕೆಲಸ ಹೋಯಿತು, ಬಿ ಟೀಮ್‌ಗೆ ಹೆಸರು ಬಂತು.

ಇನ್ನೊಂದು. ಮೇಲೆ ಹೋದ ಮೇಲೆ 2022ರಲ್ಲಿ ಬ್ರೆಂಟ್‌ಫರ್ಡ್ ಮತ್ತೆ ಅಕಾಡೆಮಿ ಶುರು ಮಾಡಿತು, ಅಲ್ವಾ? ಬಿ ಟೀಮ್ ಜಾಣತನದ ಯೋಜನೆ, ಇಲ್ಲ ಅನ್ನಲ್ಲ. ಆದರೆ ಅದು ಬೇರೆಯವರು ಹತ್ತು ವರ್ಷ ಬೆಳೆಸಿ ಬಿಟ್ಟ ಹುಡುಗರ ಮೇಲೆ ನಿಂತಿದೆ. ಎಲ್ಲರೂ ಅದನ್ನೇ ಮಾಡಿದರೆ ಆಯ್ಕೆ ಮಾಡೋಕೆ ಯಾರೂ ಉಳಿಯಲ್ಲ.

ವಿಕಮ್ ಕೂಡ ಏರಿತು. 2014ರಲ್ಲಿ ಸೀಸನ್ನಿನ ಕೊನೇ ದಿನ ಟಾರ್ಕೀಯಲ್ಲಿ ಗೆದ್ದು, ಬರೀ ಗೋಲ್ ವ್ಯತ್ಯಾಸದಲ್ಲಿ ಲೀಗ್‌ನಲ್ಲೇ ಉಳಿಯಿತು. 2020ರಲ್ಲಿ ವೆಂಬ್ಲಿಯಲ್ಲಿ ಆಕ್ಸ್‌ಫರ್ಡ್ ಮೇಲೆ ಗೆದ್ದು ಚಾಂಪಿಯನ್‌ಶಿಪ್‌ಗೇ, ಅಂದರೆ ಎರಡನೇ ಡಿವಿಷನ್‌ಗೇ ಬಂತು. ನಾನೂ ಕುಣಿದೆ. ಆದರೆ ಆ ವರ್ಷಗಳಲ್ಲಿ ಹೈ ವಿಕಮ್‌ನ ಹನ್ನೆರಡು ವರ್ಷದ ಹುಡುಗನಿಗೆ ಕ್ಲಬ್ ಮೈದಾನ ಆಡಮ್ಸ್ ಪಾರ್ಕ್ ಒಳಗೆ ಹೋಗೋಕೆ ಟಿಕೆಟ್ ಒಂದೇ ದಾರಿ.

ಜೇನುನೊಣ ಬೇಲೂರು:

ಮೆಫಮ್ ವಿಷಯ ಸರಿ, ಬಿಡಿ. ಆದರೂ 2016ರಲ್ಲಿ ಆ ಖರ್ಚು ಮುಂದುವರಿಸಿದ್ದರೆ ನಾವು 2021 ನೋಡುತ್ತಿದ್ದೆವಾ ಅನ್ನೋದು ಅನುಮಾನವೇ. ಹಾಸನದವರ ಪ್ರಶ್ನೆ ಹಾಳು ಮಾಡಲ್ಲ, ಇಲ್ಲಿಗೆ ನಿಲ್ಲಿಸುತ್ತೇನೆ.

ಆಸ್ಟಿನ್ ಟೌನ್ ಹಳೇ ಹುಲಿ:

ಬೆಂಗಳೂರಿನಿಂದ ಒಂದು ಮಾತು. ನಾವು ಆಡುವಾಗ ಅಕಾಡೆಮಿ ಅನ್ನೋ ಶಬ್ದವೇ ಇರಲಿಲ್ಲ. ಎಚ್‌ಎಎಲ್, ಐಟಿಐ ತಂಡಗಳಿದ್ದವು. ಚೆನ್ನಾಗಿ ಆಡಿದರೆ ಅಲ್ಲಿ ನೌಕರಿ ಸಿಗುತ್ತದೆ ಅನ್ನೋ ಆಸೆಗೆ ಗೌತಮಪುರದ ಗಲ್ಲಿಗಳಲ್ಲಿ ಬರಿಗಾಲಲ್ಲಿ ಆಡುತ್ತಿದ್ದೆವು. ಈಗ ಮಕ್ಕಳು ತಿಂಗಳಿಗೆ ಫೀಸು ಕಟ್ಟಿ ಟರ್ಫ್ ಮೇಲೆ ಆಡುತ್ತಾರೆ.

ಇಲ್ಲಿ ಗಮನಿಸಿದ್ದು ಏನು ಅಂದರೆ, 2025ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಯುತ್ತದೋ ಇಲ್ಲವೋ ಗೊತ್ತಿಲ್ಲದೆ ಬೆಂಗಳೂರು ಎಫ್‌ಸಿ ಆಗಸ್ಟ್‌ನಲ್ಲಿ ಮೊದಲ ತಂಡದ ಆಟಗಾರರ ಸಂಬಳವನ್ನೇ ತಡೆಹಿಡಿಯಿತು. ಆಗಲೂ ಯೂತ್ ತಂಡಗಳಿಗೆ, ಸಾಕರ್ ಸ್ಕೂಲ್‌ಗಳಿಗೆ ತೊಂದರೆ ಇಲ್ಲ ಅಂತ ಹೇಳಿತು. ಒಳ್ಳೆ ಮನಸ್ಸು ಅನ್ನಿ, ಸ್ಕೂಲ್‌ಗೆ ಫೀಸು ಬರುತ್ತದೆ ಅನ್ನಿ, ಮಕ್ಕಳ ಆಟ ನಿಲ್ಲಲಿಲ್ಲ. ಇಂಗ್ಲೆಂಡ್ ಕ್ಲಬ್‌ಗಳು ಮೊದಲು ಮಕ್ಕಳನ್ನೇ ಕಳಿಸೋದು ನೋಡಿ ಆಶ್ಚರ್ಯ.

ಹುಡುಗನ ಓದು ನಿಲ್ಲಿಸಬೇಡಿ, ಆಟವೂ ನಿಲ್ಲಿಸಬೇಡಿ. ಸುಮ್ನೆ ಆಡಲಿ.

ಹಾಸನದ ಅಪ್ಪ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗನಿಗೆ ಆ 3,000 ಪೌಂಡ್ ಲೆಕ್ಕ ಹೇಳಿದೆ. "ನನ್ನ ಬೆಲೆ ಅಷ್ಟೇನಾ?" ಅಂತ ನಕ್ಕ. ತುಂಬಾ ದಿನ ಆಗಿತ್ತು ನಕ್ಕು.

ಬಿಡುಗಡೆ ಪತ್ರಕ್ಕೆ ಇಮೇಲ್ ಹಾಕಿದ್ದೇನೆ. ಕ್ಲಾಕ್ ಪ್ರತಿಯನ್ನೂ ಕೇಳಿದ್ದೇನೆ. ಇನ್ನೊಂದು ಪ್ರಶ್ನೆ: ಮೊದಲ ದರ್ಜೆಯ ಒಂದು ಕ್ಲಬ್‌ನವರು ಆರು ವಾರದ ಟ್ರಯಲ್‌ಗೆ ಬನ್ನಿ ಅಂದಿದ್ದಾರೆ. ಮನೆಯಿಂದ ಒಂದು ಗಂಟೆ ಇಪ್ಪತ್ತು ನಿಮಿಷದ ದಾರಿ. ಹೋಗಬೇಕಾ?

ಭಾನುವಾರದ ಕೋಚ್:

ಒಂದು ಗಂಟೆ ಇಪ್ಪತ್ತು ಅನ್ನೋದು ಮ್ಯಾಪ್ ಹೇಳಿದ್ದು. ಸಂಜೆ ಐದೂವರೆಗೆ ಲಂಡನ್ ಸುತ್ತಿನ ಎಂ25 ಹೆದ್ದಾರಿಯಲ್ಲಿ ಮ್ಯಾಪ್ ಮಾತು ನಂಬಬೇಡಿ. ಸ್ಕೂಲ್ ಬಿಟ್ಟ ತಕ್ಷಣ ಕಾರು, ಕಾರಲ್ಲೇ ಊಟ, ಕಾರಲ್ಲೇ ಹೋಂವರ್ಕ್, ರಾತ್ರಿ ಹತ್ತಕ್ಕೆ ಮನೆ. ವಾರಕ್ಕೆ ಮೂರು ಸಲ. ಕೆಲವು ಮಕ್ಕಳಿಗೆ ಇದು ಆಗುತ್ತದೆ. ಟ್ರಯಲ್ ಮಾಡಿ ನೋಡೋದರಲ್ಲಿ ತಪ್ಪಿಲ್ಲ, ಆದರೆ ಹೋಗುವ ಮುನ್ನ ಎರಡು ಕೇಳಿ. ಆ ವಯಸ್ಸಿನ ಗುಂಪಿನಲ್ಲಿ ಈಗ ಎಷ್ಟು ಲೆಫ್ಟ್ ಬ್ಯಾಕ್ ಇದ್ದಾರೆ? ಪೆಟ್ರೋಲ್ ಖರ್ಚು ಯಾರದು? ಮೊದಲನೆಯದಕ್ಕೆ ಮೂವರು ಅಂತ ಉತ್ತರ ಬಂದರೆ ನಾನಾಗಿದ್ದರೆ ಹೋಗುತ್ತಿರಲಿಲ್ಲ.

ಪತ್ರ ಕೈಗೆ ಬಂದ ಮೇಲೆ ನನಗೆ ಮೆಸೇಜ್ ಹಾಕಿ. ನಿಮ್ಮ ಕಡೆಯ ಲೀಗ್‌ನಲ್ಲಿ ಗೊತ್ತಿರುವ ಕೋಚ್‌ಗಳಿದ್ದಾರೆ, ಯಾವ ತಂಡಕ್ಕೆ ಹುಡುಗ ಬೇಕು ಅಂತ ವಿಚಾರಿಸುತ್ತೇನೆ. ಅವನು ನಿಜವಾಗಿಯೂ ಎಡಗಾಲಿನವನಾ, ಇಲ್ಲಾ ಜಾಗ ಖಾಲಿ ಇತ್ತು ಅಂತ ಅಲ್ಲಿ ನಿಲ್ಲಿಸಿದ್ದಾ? ಎಡಗಾಲು ಆದರೆ ಫೋನ್ ನನಗೇ ಬರುತ್ತದೆ.