ಅಪ್‌ಡೇಟ್: ವೆಬ್‌ಸರ್ವ್‌ಲೆಟ್ ಅನೋಟೇಶನ್ ಹಾಕಿದರೂ 404 ಬರುತ್ತಿದ್ದದ್ದು ಸರಿಹೋಯಿತು

ನನ್ನ ಜಾವಾ ವೆಬ್ ಆಪ್‌ನ ಪುಟಗಳು ಯಾಕೆ ತೆರೆಯುತ್ತಿಲ್ಲ ಅಂತ ಹೋದ ವಾರ ಇಲ್ಲಿ ಕೇಳಿದ್ದೆ, ನೆನಪಿದೆ ಅಲ್ವಾ? ವೆಬ್ ಡಾಟ್ ಎಕ್ಸ್‌ಎಂಎಲ್ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿದ್ದ ಸರ್ವ್‌ಲೆಟ್ (ಬ್ರೌಸರ್ ಕೇಳಿದ ಪುಟಕ್ಕೆ ಉತ್ತರ ಕೊಡೋ ಜಾವಾ ಕ್ಲಾಸ್) ಸಾಲುಗಳನ್ನೆಲ್ಲ ಅಳಿಸಿ, ಕ್ಲಾಸಿನ ತಲೆ ಮೇಲೆ @ವೆಬ್‌ಸರ್ವ್‌ಲೆಟ್ ಅನ್ನೋ ಅನೋಟೇಶನ್ (ಅದೇ ವಿವರವನ್ನು ಕೋಡಿನಲ್ಲೇ ಹೇಳೋ ಗುರುತು) ಹಾಕಿದ್ದೆ. ಎರರ್ ಒಂದೂ ಇಲ್ಲ, ಆದರೆ ಯಾವ ಪುಟ ತೆರೆದರೂ 404, ಅಂದರೆ ಪುಟ ಸಿಗಲಿಲ್ಲ ಅನ್ನೋ ಉತ್ತರ.

ಅನೋಟೇಶನ್‌ನಲ್ಲಿ ಬರೆದ ಪುಟದ ದಾರಿಯ ಮೊದಲಿಗೆ ಓರೆಗೆರೆ (/) ಇದೆಯಾ ನೋಡಿ ಅಂದಿದ್ದರು ಕೆಲವರು, ಇತ್ತು. ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡಿದೆ, ಏನೂ ಆಗಲಿಲ್ಲ. ಕೋಡಿನ ಇಂಪೋರ್ಟ್ ಸಾಲುಗಳಲ್ಲಿ ಜಾವಾಎಕ್ಸ್ ಅನ್ನೋ ಹಳೇ ಹೆಸರಿನ ಬದಲು ಜಕಾರ್ತಾ ಅನ್ನೋ ಹೊಸ ಹೆಸರು ಬೇಕು ಅನ್ನೋ ಸಲಹೆ ಟಾಮ್‌ಕ್ಯಾಟ್ (ಆಪ್ ಓಡಿಸೋ ಸರ್ವರ್) 10ರಿಂದ ಮೇಲಿನವರಿಗೆ ಸರಿ, ನನ್ನದು 9.

ಕೊನೆಗೆ ಕೆಲಸ ಮಾಡಿದ್ದು ಎಲ್ಲರಿಗಿಂತ ಚಿಕ್ಕ ಉತ್ತರ: "ಮೆಟಾಡೇಟಾ-ಕಂಪ್ಲೀಟ್ ನೋಡಿ." ವೆಬ್ ಡಾಟ್ ಎಕ್ಸ್‌ಎಂಎಲ್ ಫೈಲಿನ ಮೊದಲ ಟ್ಯಾಗ್‌ನಲ್ಲೇ ಆ ಸೆಟ್ಟಿಂಗ್ ಟ್ರೂ ಅಂತ ಕೂತಿತ್ತು! ಹಾಗಿದ್ದರೆ ಎಲ್ಲಾ ವಿವರ ಈ ಫೈಲಿನಲ್ಲೇ ಇದೆ ಅಂದುಕೊಂಡು ಸರ್ವರ್ ಅನೋಟೇಶನ್‌ಗಳನ್ನು ಹುಡುಕೋದೇ ಇಲ್ಲ, ಅದಕ್ಕೇ ಲಾಗ್‌ನಲ್ಲೂ ಒಂದು ಸಾಲಿಲ್ಲ. ಹಳೇ ಪ್ರಾಜೆಕ್ಟಿನಿಂದ ಸುಮ್ನೆ ಕಾಪಿ ಮಾಡಿದ ಫೈಲು ಅದು, ತಪ್ಪು ನನ್ನದೇ. ಫಾಲ್ಸ್ ಮಾಡಿ ಸರ್ವರ್ ಮತ್ತೆ ಶುರು ಮಾಡಿದೆ, ಪುಟ ಬಂತು.

ಗೊತ್ತಿಲ್ಲದ ಇನ್ನೊಂದು ವಿಷಯವೂ ಸಿಕ್ಕಿತು. ಸರ್ವ್‌ಲೆಟ್‌ಗಿಂತ ಮೊದಲು ಓಡೋ ತಪಾಸಣೆ ಕೋಡಿಗೆ ಫಿಲ್ಟರ್ ಅಂತಾರೆ; ಅದಕ್ಕೆ @ವೆಬ್‌ಫಿಲ್ಟರ್ ಹಾಕಿದರೆ ಯಾವ ಫಿಲ್ಟರ್ ಮೊದಲು ಓಡಬೇಕು ಅಂತ ಹೇಳೋಕೆ ಅನೋಟೇಶನ್‌ನಲ್ಲಿ ಜಾಗವೇ ಇಲ್ಲ. ನನಗೆ ಲಾಗಿನ್ ನೋಡೋ ಫಿಲ್ಟರ್ ಮೊದಲು ಬೇಕಿತ್ತು. ಹಾಗಾಗಿ ಎರಡು ಫಿಲ್ಟರ್‌ಗಳ ಮ್ಯಾಪಿಂಗ್ (ಯಾವ ಪುಟಗಳಿಗೆ ಯಾವ ಫಿಲ್ಟರ್ ಅನ್ನೋ ಸಾಲುಗಳು) ಮಾತ್ರ ವಾಪಸ್ ಎಕ್ಸ್‌ಎಂಎಲ್‌ಗೇ ಹೋಯಿತು, ಅಲ್ಲಿ ಬರೆದ ಸಾಲಿನ ಕ್ರಮದಲ್ಲೇ ಓಡುತ್ತವೆ. ಫೈಲನ್ನೇ ಡಿಲೀಟ್ ಮಾಡೋ ಆಸೆ ಇತ್ತು, ಆಗಲಿಲ್ಲ. ಆದರೂ ಇನ್ನೂರು ಸಾಲಿದ್ದದ್ದು ಈಗ ಇಪ್ಪತ್ತು.